ಚಕ್ರದ ಬೆಂಡ್ ತೆಗೆಯೋಣ ಬನ್ನಿ, ಕಾರವಾರದ ಉಪ್ಪುಗಾಳಿ ಸಮೇತ

ನೋಡಿ, ಹಿಂದಿನ ಚಕ್ರ. ಸೈಕಲ್ ಉಲ್ಟಾ ಮಾಡಿ ಜಗಲಿ ಮೇಲೆ ನಿಲ್ಸಿದೀನಿ, ಒಮ್ಮೆ ತಿರುಗಿಸ್ತೀನಿ, ಕೇಳಿಸ್ತಾ? ಒಂದು ಸುತ್ತಿಗೆ ಒಂದ್ಸಲ ಸರ್ರ್ ಅಂತ ಬ್ರೇಕ್ ಪ್ಯಾಡಿಗೆ ತಾಗ್ತದೆ. ಬಿಣಗಾ ಕಡೆ ಹೈವೇಲಿ ಮಳೆಗಾಲ ಮುಗಿಯೋ ಹೊತ್ತಿಗೆ ಹೊಂಡ ಯಾವುದು ರೋಡ್ ಯಾವುದು ಗೊತ್ತಾಗಲ್ಲ ಮಾರಾಯ್ರೆ, ಚಕ್ರ ಬೆಂಡ್ ಆಗದೇ ಇನ್ನೇನಾಗ್ತದೆ.

ಆದ್ರೆ ಕಡ್ಡಿ (ಸ್ಪೋಕ್) ಬಿಗಿ-ಸಡಿಲ ಮಾಡೋ ಕೀ ಹಿಡ್ಕೊಳ್ಳೋ ಮುಂಚೆ ಎಣ್ಣೆ. ನಮ್ಮ ಕಡೆ ಬೀಚ್ ರೋಡಲ್ಲಿ ಓಡ್ಸೋ ಸೈಕಲ್ಲಿಗೆ ನಿಪ್ಪಲ್ (ಕಡ್ಡಿ ರಿಮ್ಮಿಗೆ ಸೇರೋ ಜಾಗದ ಪುಟ್ಟ ನಟ್ಟು) ಒಳಗೇ ತುಕ್ಕು ಹಿಡ್ದು ಕಚ್ಕೊಂಡಿರ್ತದೆ, ಹಂಗೇ ತಿರುಗಿಸಿದ್ರೆ ಕಡ್ಡಿ ತಿರುಚ್ತದೆ ಇಲ್ಲಾ ನಿಪ್ಪಲ್ಲಿನ ಮೂಲೆ ಸವೆದು ಉರುಟಾಗ್ತದೆ, ಆಮೇಲೆ ಯಾವ ಕೀನೂ ಕಚ್ಚಲ್ಲ. ಪ್ರತಿ ನಿಪ್ಪಲ್ಲಿಗೆ ತುಕ್ಕು ಬಿಡಿಸೋ ಎಣ್ಣೆ ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಹಂಗೇ ಇಟ್ಬಿಡಿ. ತೆಂಗಿನೆಣ್ಣೆ ಬೇಡ, ದಯವಿಟ್ಟು, ಅದು ದಿನ ಕಳೆದ ಹಾಗೆ ಅಂಟಂಟಾಗಿ ಧೂಳು ಹಿಡಿತದೆ. (ಆಯಿ ಒಳಗಿಂದ ಬಯ್ತಾ ಇದಾಳೆ, ಎಣ್ಣೆ ಅವಳು ಸಾರಿಸಿದ ಜಗಲಿ ಮೇಲೆ ಬಿತ್ತು ಅಂತ.)

ಈಗ ಕೀ. ಸ್ಪೋಕ್ ಕೀ ಸೈಜ್ ಸರಿಯಾಗಿರ್ಬೇಕು, ನಿಪ್ಪಲ್ಲುಗಳು 3.23, 3.30, 3.45 ಮಿಲಿಮೀಟರ್ ಹಿಂಗೆ ಬೇರೆಬೇರೆ ಬರ್ತವೆ, ಕಟಿಂಗ್ ಪ್ಲೇಯರ್ ಹಚ್ಚೋದಾದ್ರೆ ವಿಡಿಯೋ ಇಲ್ಲೇ ನಿಲ್ಸಿ. ಚಕ್ರದ ಪಕ್ಕದ ರಾಡಿಗೆ ಒಂದು ಜಿಪ್ ಟೈ ಕಟ್ಟಿ ತುದಿ ರಿಮ್ಮಿಗೆ ಕೂದಲೆಳೆಯಷ್ಟು ದೂರ ಬಿಡಿ, ಎಲ್ಲಿ ತಾಗ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು. ಇಲ್ಲಿ ರಿಮ್ಮು ಚೈನ್ ಇರೋ ಕಡೆಗೆ ವಾಲಿದೆ. ಕಡ್ಡಿಗಳು ಒಂದು ಬಿಟ್ಟು ಒಂದು ಹಬ್ (ಚಕ್ರದ ನಡುವಿನ ಗುಂಭ) ಇದ್ಯಲ್ಲ, ಅದರ ಆ ಕಡೆಗೆ ಈ ಕಡೆಗೆ ಹೋಗ್ತವಲ್ಲ, ಗುರುತಿನ ಹತ್ರ ಚೈನ್ ಕಡೆಯವನ್ನ ಕಾಲು ಸುತ್ತು ಸಡಿಲ, ಎದುರು ಕಡೆಯವನ್ನ ಕಾಲು ಸುತ್ತು ಬಿಗಿ. ಕಾಲು ಸುತ್ತು ಅಷ್ಟೇ, ಮತ್ತೆ ತಿರುಗಿಸಿ ನೋಡಿ. ಬರೀ ಬಿಗಿ ಮಾಡ್ತಾ ಹೋದ್ರೆ ರಿಮ್ಮು ಆ ಜಾಗದಲ್ಲಿ ಒಳಕ್ಕೆ ಎಳ್ಕೊಂಡು ಚಕ್ರ ಕುಣಿಯೋಕೆ ಶುರು.

ಯಾವ ಕಡೆ ತಿರುಗಿಸಿದ್ರೆ ಬಿಗಿ? ಟೈರ್ ಕಡೆಯಿಂದ ಹಬ್ ಕಡೆ ನೋಡಿದ್ರೆ ಗಡಿಯಾರದ ದಿಕ್ಕು ಬಿಗಿ. ಚಕ್ರದ ಕೆಳಭಾಗದಲ್ಲಿ ಮೇಲಿಂದ ಬಗ್ಗಿ ನೋಡ್ತಾ ಮಾಡಿದ್ರೆ ಉಲ್ಟಾ ಕಾಣ್ತದೆ, ಅದಕ್ಕೇ ನಾನು ಯಾವಾಗ್ಲೂ ಚಕ್ರದ ಮೇಲ್ತುದಿಯಲ್ಲೇ ಕೆಲಸ ಮಾಡೋದು.

ಇನ್ನು ಎಳೆತ. ಕಡ್ಡಿನ ಬೆರಳಲ್ಲಿ ಮೀಟಿ ನೋಡಿ, ಟಿಣ್ ಅಂದ್ರೆ ಬಿಗಿ, ಟಪ್ ಅಂದ್ರೆ ಸಡಿಲ. ಮೇಳದಲ್ಲಿ ಮದ್ದಳೆಯವರು ಅಂಚಿಗೆ ತಟ್ಟಿ ತಟ್ಟಿ ಸುತ್ತಲೂ ಒಂದೇ ಶ್ರುತಿ ತರ್ತಾರಲ್ಲ, ಹಂಗೇ, ಒಂದು ಕಡೆಯ ಕಡ್ಡಿಗಳೆಲ್ಲ ಹತ್ತಿರಹತ್ತಿರ ಒಂದೇ ಸ್ವರ ಕೊಡ್ಬೇಕು. ಗೇರ್ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಚೈನ್ ಕಡೆ ಸ್ವರ ಎತ್ತರ, ಇನ್ನೊಂದು ಕಡೆ ತಗ್ಗು, ಇದು ತಪ್ಪಲ್ಲ: ಗೇರಿನ ಹಲ್ಲುಚಕ್ರಗಳಿಗೆ ಜಾಗ ಕೊಡೋಕೆ ಆ ಕಡೆಯ ಕಡ್ಡಿಗಳು ನೇರಕ್ಕೆ ನಿಂತಿರ್ತವೆ, ರಿಮ್ಮು ಮಧ್ಯದಲ್ಲೇ ಇರ್ಬೇಕಾದ್ರೆ ಅವು ಹೆಚ್ಚು ಎಳೀಲೇಬೇಕು. ಒಳ್ಳೆ ರಿಮ್ಮುಗಳಲ್ಲಿ ಆ ಕಡೆ ಸುಮಾರು 100ರಿಂದ 120 ಕಿಲೋ ಎಳೆತ ಇರ್ತದೆ, ನಿಮ್ಮ ರಿಮ್ಮಿಗೆ ಮಿತಿ ಎಷ್ಟು ಅಂತ ನೋಡ್ಕೊಳ್ಳಿ.

ಕಡ್ಡಿ ಪದೇ ಪದೇ ಮುರೀತದೆ, ಬಿಗಿ ಜಾಸ್ತಿಯಾಗಿ ಅಂತ ತುಂಬಾ ಜನ ಹೇಳ್ತಾರೆ. ಹೆಚ್ಚಾಗಿ ಉಲ್ಟಾ. ಸಡಿಲ ಇದ್ರೆ ಪ್ರತಿ ಸುತ್ತಿಗೂ ಹಬ್ ಹತ್ರದ ಬಾಗು ಅಲುಗಾಡಿ ಅಲುಗಾಡಿ ಲೋಹ ದಣಿದು ಅಲ್ಲೇ ಕಟ್ ಆಗ್ತದೆ, ದೇವಿಮನೆ ಘಟ್ಟದಲ್ಲಿ ಲಗೇಜ್ ಹಾಕ್ಕೊಂಡು ಹತ್ತೋವಾಗ ಅದು ಆಗಬಾರ್ದು ನೋಡಿ.

ಕೊನೆಗೆ ಒಂದೇ ಕಡೆಯ ಕಡ್ಡಿಗಳನ್ನ ಜೋಡಿಜೋಡಿಯಾಗಿ ಗಟ್ಟಿ ಹಿಂಡ್ತಾ ಬನ್ನಿ, ಟಿಕ್ ಟಿಕ್ ಅಂತದೆ, ತಿರುಚ್ಕೊಂಡಿದ್ದು ಬಿಡ್ತಾ ಇದೆ, ಮತ್ತೆ ಸ್ವಲ್ಪ ಬೆಂಡ್ ಬಂದಿರ್ತದೆ, ಅದನ್ನೂ ತೆಗೀರಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಜಾಗ ನೇರ ಬರ್ಲಿಲ್ಲ, ಅಲ್ಲಿನ ಕಡ್ಡಿಗಳು ಒಂದು ಕಡೆ ಪೂರ್ತಿ ಸಡಿಲ ಇನ್ನೊಂದು ಕಡೆ ಕಲ್ಲಾಗಿವೆ ಅಂದ್ರೆ ರಿಮ್ಮೇ ಬಾಗಿದೆ. ಕೀ ಕೆಳಗಿಡಿ, ಹೊಸ ರಿಮ್ಮು ತನ್ನಿ.