ಚಳಿಗಾಲದಲ್ಲಿ ಕಾರಿನ ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡಬೇಡಿ

[ದೃಶ್ಯ: ಹಿಮ ಬಿದ್ದ ಪಾರ್ಕಿಂಗ್. ಕಾರಿನ ಮುಂದಿನ ಜಾಲರಿಯಿಂದ ಒಂದು ಪ್ಲಗ್ ವೈರ್ ನೇತಾಡುತ್ತಿದೆ.]

ನಮಸ್ಕಾರ. ಕೆನಡಾದ ವಿನಿಪೆಗ್‌ನಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಮಾಮೂಲು. ಅಲ್ಲಿ ಕಾರುಗಳ ಮುಂದೆ ಹೀಗೆ ವೈರ್ ನೇತಾಡುತ್ತಿರುತ್ತದೆ. ಅದು ಬ್ಲಾಕ್ ಹೀಟರ್‌ದು. ರಾತ್ರಿ ಕರೆಂಟಿಗೆ ಸಿಕ್ಕಿಸಿದರೆ ಎಂಜಿನ್ ಬೆಚ್ಚಗಿರುತ್ತದೆ. ನಮ್ಮೂರುಗಳಿಂದ ಹೊಸದಾಗಿ ಹೋದವರು ಇದೊಂದಿದ್ದರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಟ್ಯಾಂಕಿನಿಂದ ಎಂಜಿನ್‌ವರೆಗೆ ಕಾರಿನ ಅಡಿಯಲ್ಲಿ ಹಾದು ಬರುವ ಫ್ಯೂಯೆಲ್ ಲೈನಿಗೆ ಆ ಬಿಸಿ ತಲುಪುವುದಿಲ್ಲ.

ಅಷ್ಟು ಚಳಿಗೆ ಪೆಟ್ರೋಲ್ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗುವುದು ಅದರಲ್ಲಿ ಸೇರಿಕೊಂಡ ನೀರು.

[ದೃಶ್ಯ: ಅರ್ಧ ಖಾಲಿ ಟ್ಯಾಂಕಿನ ಚಿತ್ರ. ಒಳಗೋಡೆಯ ಮೇಲೆ ಹನಿಗಳು.]

ಟ್ಯಾಂಕ್ ಖಾಲಿ ಇದ್ದಷ್ಟೂ ಒಳಗೆ ಗಾಳಿ ಜಾಸ್ತಿ, ಗಾಳಿಯಲ್ಲಿ ತೇವ. ತಣ್ಣೀರಿನ ಚೊಂಬು ಹೊರಗೆ ಬೆವರುತ್ತದಲ್ಲ, ಹಾಗೆ ತಣ್ಣಗಾದ ಒಳಗೋಡೆಯ ಮೇಲೆ ಹನಿ ಕಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಪಂಪ್ ಎಳೆದುಕೊಳ್ಳುವುದೂ ತಳದಿಂದಲೇ. ಆ ನೀರು ಲೈನಿನಲ್ಲಿ ಮಂಜುಗಡ್ಡೆಯಾದರೆ ಪೆಟ್ರೋಲಿಗೆ ದಾರಿ ಬಂದ್.

ಅದಕ್ಕೇ ಚಳಿಗಾಲ ಪೂರ್ತಿ ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ. ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ಉಪಾಯ ಇನ್ನೊಂದಿಲ್ಲ. ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿದ್ದರೆ ಅದೇ ಸ್ವಲ್ಪ ನೀರನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಅಂಥ ಪೆಟ್ರೋಲಿನಲ್ಲಿ ಈ ತೊಂದರೆ ಕಮ್ಮಿ. ವಾರಗಟ್ಟಲೆ ಹೊರಗೇ ನಿಲ್ಲುವ ಹಳೆಯ ಕಾರಾದರೆ, ನೀರು ಗಟ್ಟಿಯಾಗದಂತೆ ಪೆಟ್ರೋಲಿಗೆ ಬೆರೆಸುವ ಗ್ಯಾಸ್‌ಲೈನ್ ಆಂಟಿಫ್ರೀಝ್ ಬಾಟಲಿ ತನ್ನಿ. ಐಸೊಪ್ರೊಪೈಲ್ ಆಲ್ಕೋಹಾಲ್ ಇರುವುದನ್ನೇ ಆರಿಸಿ, ಲೇಬಲ್‌ನಲ್ಲಿ ಹೇಳಿದಷ್ಟೇ ಹಾಕಿ. ರೇಡಿಯೇಟರ್‌ಗೆ ಹಾಕುವ ಆಂಟಿಫ್ರೀಝ್ ಬೇರೆ. ಅದನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಡಿ, ದಯವಿಟ್ಟು.

[ದೃಶ್ಯ: ಕೀ ತಿರುಗಿಸುವ ಕೈ. ಶಬ್ದ ಮಾತ್ರ.]

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ ಅಂದರೆ ಮೊದಲು ಕಿವಿಗೊಡಿ. ಬರೀ ಟಕ್ ಟಕ್ ಅಂದರೆ, ಅಥವಾ ಎಂಜಿನ್ ಏದುಸಿರು ಬಿಡುವಂತೆ ನಿಧಾನಕ್ಕೆ ತಿರುಗಿದರೆ ಹೆಚ್ಚಾಗಿ ಬ್ಯಾಟರಿಯದೇ ತೊಂದರೆ. ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಫ್ಯೂಯೆಲ್ ಲೈನಿನ ಮೇಲೆ ಅನುಮಾನ ಪಡಬಹುದು. ಸುಮ್ನೆ ಕೀ ತಿರುಗಿಸುತ್ತಲೇ ಇದ್ದರೆ ಬ್ಯಾಟರಿಯೂ ಇಳಿಯುತ್ತದೆ. ಕಾರನ್ನು ಬೆಚ್ಚಗಿನ ಗ್ಯಾರೇಜಿಗೆ ಎಳೆಸಿ, ಕೆಲವು ಗಂಟೆ ಬಿಡಿ. ಕೆಳಗೆ ಬೆಂಕಿ ಹಾಕೋದು, ಬೆಂಕಿಯುಗುಳುವ ಬ್ಲೋ ಟಾರ್ಚ್ ಹಿಡಿಯೋದು ಬೇಡವೇ ಬೇಡ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಡೀಸೆಲ್ ಗಾಡಿಯ ಕಥೆ ಬೇರೆ. ಅಲ್ಲಿ ಡೀಸೆಲ್‌ನಲ್ಲಿರುವ ಮೇಣವೇ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ನಮ್ಮ ಲಡಾಖ್‌ನಲ್ಲಿ ಇದಕ್ಕೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಬಯಲುಸೀಮೆಯಲ್ಲಿ ತುಂಬಿಸಿದ ಮಾಮೂಲಿ ಡೀಸೆಲ್ ಹೊತ್ತು ಚಳಿಗಾಲದಲ್ಲಿ ಲೇಹ್‌ನಲ್ಲಿ ರಾತ್ರಿ ಗಾಡಿ ನಿಲ್ಲಿಸುವುದಾದರೆ, ಕತ್ತಲಾಗುವ ಮೊದಲೇ ಈ ಚಳಿಗಾಲದ ಡೀಸೆಲ್ ತುಂಬಿಸಿ, ಲೈನಿನೊಳಗೆ ಬರುವಷ್ಟು ದೂರ ಓಡಿಸಿಯೇ ನಿಲ್ಲಿಸಿ.