ಅದು ಯಾವ ಬಲೆ?

ಬೆಳಗಿನ ಆರೂವರೆ. ಕಾರವಾರದ ಟ್ಯಾಗೋರ್ ಕಡಲತೀರ. ದೂರದಲ್ಲಿ ಕಾಣುವ ಆ ದೋಣಿ ಬಲೆ ಬಿಡುತ್ತಾ ಅರ್ಧ ಸುತ್ತು ಹಾಕಿ ಬಂದಿದೆ. ಬಲೆಯ ಎರಡೂ ತುದಿಯ ಹಗ್ಗ ದಡದಲ್ಲಿದೆ, ಜನ ಸಾಲಾಗಿ ನಿಂತು ಎಳೆಯುತ್ತಿದ್ದಾರೆ. ಇದು ಏಂಡಿ ಬಲೆ. ಹಿಂದಿನ ಕಾಲದ ದೊಡ್ಡ ರಂಪಣಿ ಬಲೆಯ ಚಿಕ್ಕ ತಮ್ಮ ಅನ್ನಬಹುದು.

ನನ್ನ ಬರವಣಿಗೆ ದಾರಿ ಬದಲಿಸಿದ್ದು ಇಂಥ ಬಲೆಯಿಂದಲೇ.

ಬೈಬಲಿನ ಹೊಸ ಒಡಂಬಡಿಕೆಯ 260 ಅಧ್ಯಾಯಗಳಿಗೆ ಒಂದೊಂದು ಪುಟ ಬರೆಯುತ್ತೇನೆ ಅಂತ ಹೊರಟಿದ್ದೆ. ನಾಲ್ಕು ಸುವಾರ್ತೆಗಳು, ಅಪೊಸ್ತಲರ ಕೃತ್ಯಗಳು ಮುಗಿದವು. 117 ಪುಟ ಆಯಿತು. ರೋಮಾಪುರದವರಿಗೆ ಬರೆದ ಪತ್ರ ತೆರೆದಾಗ ಕೈ ನಿಂತಿತು. ಬರೆದದ್ದನ್ನೆಲ್ಲ ತಿರುಗಿ ಓದಿದೆ. ಎಲ್ಲ ಪುಟಗಳೂ ಪಾಠ ಹೇಳುತ್ತಿದ್ದವು. ಕೇಳುವವರು ಯಾರು ಅಂತ ನಾನು ಯೋಚಿಸಿಯೇ ಇರಲಿಲ್ಲ.

ನಮ್ಮ ಪಕ್ಕದ ಮನೆಯ ಹೆಂಗಸು ಮೀನು ಮಾರುತ್ತಾರೆ. ನಾನು ಅವರನ್ನು 'ಬಾಯಿ' ಅಂತ ಕರೆಯುತ್ತೇನೆ. ಒಂದು ಸಂಜೆ ಅವರಿಗೆ ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯದ ಪುಟ ಓದಿದೆ. ಪರಲೋಕರಾಜ್ಯ ಸಮುದ್ರಕ್ಕೆ ಹಾಕಿದ ಬಲೆಯಂತೆ ಅಂತ ಯೇಸು ಹೇಳುವ ಸಾಮ್ಯ, ಅಂದರೆ ಹೋಲಿಕೆಯ ಕಥೆ. ಕಡೆಯ ದಿನದ ತೀರ್ಪಿನ ಬಗ್ಗೆ ಪುಟ ತುಂಬಾ ಬರೆದಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು ಕೊಂಕಣಿಯಲ್ಲಿ ಒಂದೇ ಮಾತು ಕೇಳಿದರು. "ಅದು ಯಾವ ಬಲೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಹುಡುಕಿ ನೋಡಿದೆ. ನನ್ನ ಕನ್ನಡ ಬೈಬಲಿನಲ್ಲಿ ಎಲ್ಲ ಕಡೆಯೂ 'ಬಲೆ' ಅಂತಲೇ ಇದೆ. ಮೂಲ ಗ್ರೀಕಿನಲ್ಲಿ ಮಾತ್ರ ಬೇರೆ ಬೇರೆ ಪದ. ಮತ್ತಾಯ 4ರಲ್ಲಿ, ಮುಂದೆ ಯೇಸುವಿನ ಶಿಷ್ಯರಾದ ಪೇತ್ರ, ಅಂದ್ರೆಯ ಹಾಕುತ್ತಿದ್ದದ್ದು ಆಂಫಿಬ್ಲೆಸ್ಟ್ರೋನ್. ಒಬ್ಬರೇ ಬೀಸುವ ಬಲೆ. 13ನೇ ಅಧ್ಯಾಯದ್ದು ಸಗೇನೆ. ಉದ್ದದ ಬಲೆ, ದಡಕ್ಕೆ ಎಳೆದು ತರುವಂಥದ್ದು. ಅಂದರೆ ನಮ್ಮ ರಂಪಣಿಯ ಜಾತಿಯದೇ! ಆ ರಾತ್ರಿ ನಿದ್ದೆ ಬರಲಿಲ್ಲ.

ಬಾಯಿಗೆ ಹೇಳಿದಾಗ ಅವರು, "ಹಾಗಾದರೆ ಎಳೆಯುವಾಗ ಯಾರೂ ಮೀನು ಆರಿಸುವುದಿಲ್ಲ ಅಂತ ಬರಿ" ಅಂದರು. ನೋಡಿ, ಈಗ ಬಲೆ ದಡಕ್ಕೆ ಬಂತು. ಬಂಗುಡೆ ಇದೆ, ತಾರ್ಲೆ ಇದೆ, ಏಡಿ ಇದೆ, ಪ್ಲಾಸ್ಟಿಕ್ ಚೀಲವೂ ಇದೆ. ಎಲ್ಲವೂ ಒಟ್ಟಿಗೆ ಬಂದಿವೆ. ಈಗ ಹೆಂಗಸರು ಮರಳಿನ ಮೇಲೆ ಕುಳಿತರು. ಸಾಮ್ಯದಲ್ಲೂ ಹಾಗೇ ಇದೆ. ಬಲೆ ತುಂಬಿದ ಮೇಲೆ ದಡಕ್ಕೆ ಎಳೆದು, ಕುಳಿತುಕೊಂಡು ಆರಿಸುತ್ತಾರೆ, ಕೆಟ್ಟದ್ದನ್ನು ಎಸೆಯುತ್ತಾರೆ. ಆ 'ಕುಳಿತುಕೊಂಡು' ಅನ್ನುವ ಮಾತನ್ನು ನಾನು ಎಷ್ಟೋ ಸಲ ಓದಿದ್ದೆ. ಕಂಡಿರಲೇ ಇಲ್ಲ. ಆರಿಸುವ ಕೆಲಸ ದೇವದೂತರದ್ದು ಅಂತ ಅಲ್ಲೇ ಇದೆ. ನಾನು ಮಾತ್ರ ಹಗ್ಗ ಮುಟ್ಟದೆ ಪುಟ ತುಂಬಾ ಮೀನು ಆರಿಸಿದ್ದೆ.

ಹಾಗಾಗಿ ಉಳಿದ 143 ಅಧ್ಯಾಯಗಳನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಅವನ್ನು ಓದುವುದನ್ನು ಬಿಡುವುದಿಲ್ಲ. ಬರೆಯುವುದು ಮಾತ್ರ ಇನ್ನು ಯೇಸು ಕೈಗೆತ್ತಿಕೊಂಡ ವಸ್ತುಗಳ ಬಗ್ಗೆ. ಬಲೆ, ದೋಣಿ, ಉಪ್ಪು, ದೀಪ, ರೊಟ್ಟಿ. ಒಂದು ವಸ್ತುವಿಗೆ ಎಷ್ಟು ಪುಟ ಬೇಕೋ ಅಷ್ಟು. ಬರೆಯುವ ಮೊದಲು ಆ ವಸ್ತುವಿನ ಜೊತೆ ದಿನವೂ ಕೆಲಸ ಮಾಡುವವರನ್ನು ಕೇಳಬೇಕು.

ಒಂದು ಎಚ್ಚರ ಮಾತ್ರ ಇಟ್ಟುಕೊಂಡಿದ್ದೇನೆ. ಪೇತ್ರ ಬಲೆ ಬೀಸಿದ ಗಲಿಲಾಯ ಸಮುದ್ರವನ್ನು ಕಾರವಾರ ಮಾಡಬಾರದು. ಹೆಸರಿಗೆ ಸಮುದ್ರವಾದರೂ ಅದು ಸಿಹಿನೀರಿನ ಸರೋವರ, ಉದ್ದ ಸುಮಾರು 21 ಕಿಲೋಮೀಟರ್. ಅಲ್ಲಿ ಬಂಗುಡೆ ಇಲ್ಲ. ನಮ್ಮ ಹಾಗೆ ಭರತ, ಇಳಿತದ ಲೆಕ್ಕವೂ ಇಲ್ಲ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ರೆಕ್ಕೆ, ಪೊರೆ (ಹುರುಪೆ) ಇಲ್ಲದ ಮೀನನ್ನು ಯೆಹೂದ್ಯರು ತಿನ್ನುವಂತಿರಲಿಲ್ಲ. ಪೊರೆಯಿಲ್ಲದ ಮೀಸೆ ಮೀನು ಆ ಸರೋವರದಲ್ಲಿದೆ. ಸಾಮ್ಯದ ಮೀನುಗಾರರು ಎಸೆದ 'ಕೆಟ್ಟ' ಮೀನುಗಳಲ್ಲಿ ಅದೂ ಇದ್ದಿರಬಹುದು. ಇದನ್ನು ಹೇಳಿದಾಗ ಬಾಯಿ ಬುಟ್ಟಿಯಲ್ಲಿದ್ದ ಏಡಿಯನ್ನು ನೋಡಿ, "ಹಾಗಾದರೆ ಪೇತ್ರ ಇದನ್ನು ತಿಂದೇ ಇಲ್ಲವೇನೋ, ಪಾಪ" ಅಂದರು. ಆ ಮಾತನ್ನೂ ಬರೆದುಕೊಂಡಿದ್ದೇನೆ.

ಬಲೆಯ ಬಗ್ಗೆ ಆರು ಪುಟ ಆಗಿದೆ. ಮುಂದಿನ ವಾರ ಗೋಕರ್ಣದ ಹತ್ತಿರದ ಸಾಣಿಕಟ್ಟಾಕ್ಕೆ ಹೋಗುತ್ತೇನೆ, ಉಪ್ಪಿನ ಗದ್ದೆಗೆ. ಯೇಸು ಹೇಳುವ ಹಾಗೆ ಉಪ್ಪು ಸಪ್ಪೆಯಾಗುವುದು ಅಂದರೇನು ಅಂತ ಅಲ್ಲಿ ಕೆಲಸ ಮಾಡುವವರನ್ನು ಕೇಳಬೇಕು.