ಕಿವಿಗೆ ಉಳಿದ ಕಥೆ

ಕೇಳುಗರಿಗೆ ನಮಸ್ಕಾರ. ನಾನಿಂದು ಹೇಳಹೊರಟಿರುವುದು ಟೆಲಿವಿಷನ್ನಿನ ಕಥೆಯಾದರೂ ಅದು ಬಾನುಲಿಗೆ ಹೊರತಾದುದಲ್ಲ. ಏಕೆಂದರೆ ಅದರ ಚಿತ್ರಗಳು ಬಹುಪಾಲು ಅಳಿದುಹೋಗಿ, ಧ್ವನಿಯೊಂದೇ ಪೂರ್ತಿಯಾಗಿ ಉಳಿದಿದೆ. 1967ರ ಮಾರ್ಚ್ 11ರಿಂದ ಏಪ್ರಿಲ್ 1ರವರೆಗೆ ನಾಲ್ಕು ಶನಿವಾರಗಳಂದು ಡಾಕ್ಟರ್ ಎಂಬ ಕಾಲಯಾತ್ರಿಕನ ಸಾಹಸಗಳ ಬಿಬಿಸಿ ಸರಣಿ ‘ಡಾಕ್ಟರ್ ಹೂ’ದಲ್ಲಿ ಬಂದ ‘ದ ಮ್ಯಾಕ್ರಾ ಟೆರರ್’ ಎಂಬ ಈ ಸಾಹಸಕಥೆಯನ್ನು ಬರೆದವರು ಇಯಾನ್ ಸ್ಟುವರ್ಟ್ ಬ್ಲ್ಯಾಕ್. ಬಿಬಿಸಿ ಮುಂದೆ ಇದರ ಟೇಪುಗಳನ್ನು ಉಳಿಸಿಕೊಳ್ಳಲಿಲ್ಲ. ಪ್ರಸಾರದ ಹೊತ್ತಿನಲ್ಲಿ ಟಿವಿಯ ಸದ್ದನ್ನು ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಅಭಿಮಾನಿಗಳ ದೆಸೆಯಿಂದ ಕಥೆ ಬದುಕಿತು. ಆ ಸದ್ದಿಗೇ 2019ರಲ್ಲಿ ಹೊಸದಾಗಿ ಅನಿಮೇಷನ್ ಚಿತ್ರಗಳನ್ನು ಹೊಂದಿಸಿದರು.

ದೂರದ ಗ್ರಹವೊಂದರಲ್ಲಿ ಮನುಷ್ಯರ ವಸಾಹತು. ಡಾಕ್ಟರ್ ತನ್ನ ಸಂಗಾತಿಗಳಾದ ಪಾಲಿ, ಜೇಮಿ, ಬೆನ್ ಜೊತೆ ಅಲ್ಲಿಗೆ ಬಂದಿಳಿಯುತ್ತಾನೆ. ಅಲ್ಲಿ ಸದಾ ಸಂಗೀತ, ಕುಣಿತ, ಸ್ಪರ್ಧೆ. ಇಂಗ್ಲೆಂಡಿನ ರಜಾಶಿಬಿರಗಳ ಉಲ್ಲಾಸವನ್ನೇ ಅಲ್ಲಿಗೆ ಹೊತ್ತು ತಂದಂತಿದೆ. ಆದರೆ ಇರುಳಿನಲ್ಲಿ ಯಾರೂ ಹೊರಗೆ ಹೋಗಕೂಡದು. ರಾತ್ರಿ ತೆವಳುವ ಜೀವಿಗಳನ್ನು ಕಂಡೆನೆಂದ ಮೆಡಾಕ್ ಎಂಬವನನ್ನು ಹುಚ್ಚನೆಂದು ಸಾರಿ, ‘ಸರಿಪಡಿಸಲು’ ಆಸ್ಪತ್ರೆಗೆ ಕಳಿಸುತ್ತಾರೆ. ಅವನು ಕಂಡದ್ದು ನಿಜವೇ. ವಸಾಹತನ್ನು ಆಳುತ್ತಿರುವುದು ಮ್ಯಾಕ್ರಾ ಎಂಬ ದೈತ್ಯ ಏಡಿಗಳು. ಮನುಷ್ಯರು ಹಾಡಿಕೊಂಡು ಗಣಿಯಿಂದ ತೆಗೆಯುವ ಅನಿಲ ಅವರಿಗೇ ವಿಷ, ಏಡಿಗಳಿಗೆ ಮಾತ್ರ ಉಸಿರು. ಏಡಿಗಳ ವೇಷ ಆಗಿನ ಕಾಲಕ್ಕೂ ಹೆದರಿಸುವಂಥದೇನಲ್ಲ, ಅದಿರಲಿ.

ನನ್ನನ್ನು ಕಾಡುವುದು ಏಡಿಯಲ್ಲ, ಗೋಡೆಯೊಳಗಿನ ಧ್ವನಿ. ಮಲಗಿದವರ ಕಿವಿಯಲ್ಲಿ ಅದು ಬೈಯುವುದಿಲ್ಲ, ಗದರಿಸುವುದಿಲ್ಲ; ಇಲ್ಲಿ ಎಲ್ಲವೂ ಚೆನ್ನಾಗಿದೆ, ಪ್ರಶ್ನಿಸದೆ ಒಪ್ಪಿಕೋ ಎಂದು ಜೋಗುಳದ ಹಾಗೆ ಉಸುರುತ್ತದೆ. ಪ್ಯಾಟ್ರಿಕ್ ಟ್ರೌಟನ್ ನಟಿಸಿದ ಡಾಕ್ಟರ್ ಎಚ್ಚೆತ್ತು ಯಂತ್ರದ ತಂತಿಗಳನ್ನು ಕಿತ್ತು ಪಾಲಿಯನ್ನು ಉಳಿಸುತ್ತಾನೆ; ಜೇಮಿ ಆ ಧ್ವನಿಗೆ ಬಗ್ಗುವುದಿಲ್ಲ. ಆದರೆ ನಾವಿಕನಾದ ಬೆನ್, ಎಲ್ಲರಿಗಿಂತ ಖಡಕ್ಕಾಗಿ ಮಾತಾಡುತ್ತಿದ್ದ ಆ ಲಂಡನ್ ಹುಡುಗ, ಬೆಳಗಾಗುವಷ್ಟರಲ್ಲಿ ತನ್ನ ಗೆಳೆಯರ ಮೇಲೆಯೇ ದೂರು ಕೊಡುವವನಾಗಿರುತ್ತಾನೆ. ಮಾಡುತ್ತಿರುವುದು ತನ್ನ ಇಷ್ಟದಿಂದಲೇ ಎಂಬ ಅವನ ನಂಬಿಕೆಯಲ್ಲಿ ಒಂದಿಷ್ಟೂ ಬಿರುಕಿಲ್ಲ. ಬೇಡಿ ಹಾಕಿದ್ದರೆ ಅವನಿಗೆ ತಿಳಿಯುತ್ತಿತ್ತು. ಆ ಧ್ವನಿ ಅವನೊಳಗೆ ಸಡಿಲಗೊಳ್ಳುವುದು ಮೆಲ್ಲಮೆಲ್ಲನೆ. ಕೊನೆಗೆ, ಗೆಳೆಯರು ಅನಿಲದ ನಡುವೆ ಸಿಕ್ಕಿಬಿದ್ದಾಗ, ಏಡಿಗಳನ್ನು ನಾಶಮಾಡುವ ಯಂತ್ರದ ಸನ್ನೆಕೋಲುಗಳನ್ನು ತಿರುಗಿಸುವ ಕೈ ಅವನದೇ.

ಡಾಕ್ಟರನ ಸ್ವಭಾವಕ್ಕೆ ಸಣ್ಣ ಘಟನೆಯೊಂದು ಸಾಕ್ಷಿ. ಬಂದ ಕೂಡಲೇ ಅವನ ಮುದುರಿದ ಕೋಟನ್ನು ಯಂತ್ರವೊಂದು ಇಸ್ತ್ರಿ ಮಾಡಿದಂತೆ ಒಪ್ಪಗೊಳಿಸುತ್ತದೆ. ಅವನು ತಕ್ಷಣ ಇನ್ನೊಂದು ಯಂತ್ರಕ್ಕೆ ಹೊಕ್ಕು ಅದನ್ನು ಮತ್ತೆ ಮುದುರಿಸಿಕೊಂಡು ಬರುತ್ತಾನೆ. ಬಿಡುಗಡೆಯಾದ ವಸಾಹತಿನವರು ಅವನನ್ನೇ ಮುಂದಿನ ಮುಖ್ಯಸ್ಥನನ್ನಾಗಿಸಲು ಯೋಚಿಸಿದ್ದಾರೆಂಬ ಸುದ್ದಿಯನ್ನು ಬೆನ್ ತಂದಾಗ, ನಾಲ್ವರೂ ಉತ್ಸವದ ಕುಣಿತದಲ್ಲಿ ಸೇರಿಕೊಂಡವರಂತೆ ಹೆಜ್ಜೆ ಹಾಕುತ್ತ, ಯಾರಿಗೂ ತಿಳಿಯದಂತೆ ಬಾಗಿಲು ದಾಟಿ ಹೊರಟುಹೋಗುತ್ತಾರೆ.